ಈರಪ್ಪನ ಒಂದು ಬೀಡಿ ಹೊತ್ತು

ಎಲೆಕ್ಟ್ರಿಷಿಯನ್ ತರಬೇತಿಗೆ ಸೇರುವ ಹೊಸಬರು ಓದಲೆಂದು ನನ್ನ ಕೆಲಸದ ಅನುಭವವನ್ನು ಬರೆದುಕೊಡಬೇಕೆಂದು ಅಪ್ಪಣೆಯಾಗಿದೆ. ಅಪ್ಪಣೆ ಮಾಡಿದವಳು ಗಿರಿಜಾ. ಬಳ್ಳಾರಿಯ ಒಂದು ತರಬೇತಿ ಸಂಸ್ಥೆಯಲ್ಲಿ ಪಾಠ ಹೇಳುತ್ತಾಳೆ. ನನ್ನ ಜೊತೆಗಾರನಾಗಿದ್ದ ಈರಪ್ಪನ ಮಗಳು.

ಇಂಥ ಬರಹದ ಮೊದಲ ಪುಟದಲ್ಲಿ ಶಾಲು ಹೊದ್ದ ಲೇಖಕನ ಭಾವಚಿತ್ರ ಇರುವುದು ವಾಡಿಕೆ. ನಿವೃತ್ತಿಯ ದಿನ ನನಗೂ ಒಂದು ಶಾಲು ಹೊದಿಸಿದರು. ಅದನ್ನು ಈಗ ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿಗೆ ಧೂಳು ಬೀಳದಂತೆ ಹೊದಿಸಲಾಗಿದೆ. ಬ್ಯಾಟರಿ ನನಗಿಂತ ಹೆಚ್ಚು ಪ್ರಾಮಾಣಿಕವಾಗಿ ದುಡಿದಿದೆ. ಆದ್ದರಿಂದ ಗೌರವ ಸಲ್ಲಬೇಕಾದಲ್ಲಿಗೇ ಸಂದಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈರಪ್ಪ ಸತ್ತದ್ದು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ, ಕೆಪಾಸಿಟರ್ ಮುಟ್ಟಿ. ಆತ ‘ಅವಸರದಿಂದ’ ಮುಟ್ಟಿದನೆಂದು ತನಿಖೆಯ ವರದಿಯಲ್ಲಿ ಬರೆದಿದೆ. ಆ ಒಂದು ಶಬ್ದ ಸುಳ್ಳು. ಅದು ಸುಳ್ಳೆಂದು ಗೊತ್ತಿದ್ದವರು ಮೂವರು. ಇಬ್ಬರು ತೀರಿಕೊಂಡಿದ್ದಾರೆ. ಉಳಿದವನ ಕೈಗೆ ಪೆನ್ನು ಕೊಡಲಾಗಿದೆ.

ನಾನು ಕೆಲಸಕ್ಕೆ ಸೇರಿದ್ದು ಬ್ರೂಸ್‌ಪೇಟೆಯ ಒಂದು ಗಲ್ಲಿಯಲ್ಲಿದ್ದ ಎಲೆಕ್ಟ್ರಿಕಲ್ ಗುತ್ತಿಗೆದಾರರ ಬಳಿ. ಧಣಿ ಚನ್ನಬಸಪ್ಪನವರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಜೀವಮಾನದಲ್ಲಿ ಒಂದು ಫ್ಯೂಸ್ ಕೂಡ ಕೈಯಾರೆ ಹಾಕಿದವರಲ್ಲ. ಆದರೆ ಜಿಲ್ಲೆಯ ಅರ್ಧ ಗಿರಣಿಗಳ ಪ್ಯಾನೆಲ್‌ಗಳು ಅವರ ಲೈಸೆನ್ಸಿನ ಮೇಲೆ ಓಡುತ್ತಿದ್ದವು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಹೆಸರೇನು?” ಎಂದರು. “ಪಂಪಾಪತಿ ರೀ” ಎಂದೆ. “ಈರಪ್ಪಾ, ಇವನ್ನ ಕರ್ಕೊಂಡು ಹೋಗು. ಸಾಯಲಾರದಂಗ ನೋಡ್ಕೋ” ಎಂದು ಕೂಗಿ ಹೇಳಿದರು. ನನ್ನ ನೇಮಕಾತಿ ಪತ್ರ ಇಷ್ಟೇ. ಈರಪ್ಪ ಅದನ್ನು ಅಕ್ಷರಶಃ ಪಾಲಿಸಿದ. ಅವನ ವಿಷಯದಲ್ಲಿ ನನಗೂ ಅಂಥದೇ ಒಂದು ಪತ್ರ ಕೊಟ್ಟಿದ್ದರೆ ಚೆನ್ನಾಗಿತ್ತು.

ಈರಪ್ಪ ಕುರುಗೋಡಿನವನು. ನನಗಿಂತ ಆರು ವರ್ಷ ದೊಡ್ಡವನು. ಅಷ್ಟು ನಿಧಾನದ ಮನುಷ್ಯನನ್ನು ನಾನು ಮತ್ತೆ ನೋಡಲಿಲ್ಲ. ಒಂದು ರೊಟ್ಟಿಯನ್ನು ಎಂಟು ತುಂಡು ಮಾಡಿ, ಎಂಟಕ್ಕೂ ಸಮನಾಗಿ ಪಲ್ಯ ಹಂಚಿ, ಆಮೇಲೆ ಊಟಕ್ಕೆ ಆರಂಭಿಸುತ್ತಿದ್ದ. ಬಸ್ಸು ಹೊರಟು ಹೋಗುತ್ತಿದ್ದರೆ ಅದರ ಹಿಂದೆ ಓಡಿದವನಲ್ಲ. “ಹೋಗ್ಲಿ ಬಿಡಲೇ, ಇನ್ನೊಂದು ಬರತೈತಿ. ಅದು ನಮ್ಮನ್ನ ಬಿಟ್ಟು ಎಲ್ಲಿಗೆ ಹೋದೀತು, ಸಿರುಗುಪ್ಪಕ್ಕಲ್ಲ?” ಎನ್ನುತ್ತಿದ್ದ. ಅವಸರ ಎಂಬ ಶಬ್ದವನ್ನು ಯಾರ ಹೆಸರಿನ ಮುಂದೆ ಬರೆದಿದ್ದಾರೆಂದು ಓದುಗರಿಗೆ ಈಗ ತಿಳಿದಿರಬೇಕು.

ರೆಸಿಸ್ಟರಿನ ಪಾಠ ನನಗೆ ಆದದ್ದು ಕುರುಗೋಡಿನ ಒಬ್ಬ ಅಜ್ಜಿಯ ಮನೆಯಲ್ಲಿ. ಹಳೆಯ ಕಾಲದ ಫ್ಯಾನು, ಇಟ್ಟಿಗೆಯಷ್ಟು ದಪ್ಪನೆಯ ರೆಗ್ಯುಲೇಟರ್. ಅಜ್ಜಿಯ ದೂರು: ಫ್ಯಾನು ಮೆಲ್ಲಗೆ ತಿರುಗಲಿ ಎಂದು ಒಂದಕ್ಕೆ ಇಟ್ಟರೆ ಡಬ್ಬಿ ಕೈ ಸುಡುತ್ತದೆ. ಈರಪ್ಪ ಮುಚ್ಚಳ ತೆಗೆದು ಒಳಗೆ ಸುತ್ತಿದ್ದ ತಂತಿ ತೋರಿಸಿದ.

“ಅಜ್ಜೀ, ಫ್ಯಾನಿಗೆ ಪೂರಾ ಕೊಡಬ್ಯಾಡ ಅಂತ ನೀವು ಹೇಳೀರಿ. ಬ್ಯಾಡ ಅಂದಿದ್ದನ್ನ ಈ ತಂತಿ ತಾನು ನುಂಗಿ ಬೆವರಾಕತ್ತೈತಿ. ಅದರ ಕೆಲಸನ ಅದು.”

“ಹಂಗಾರ ಬಿಸಾಕಬ್ಯಾಡಪ್ಪ” ಎಂದಳು ಅಜ್ಜಿ. “ಚಳಿಗಾಲದಾಗ ಕೈ ಕಾಸ್ಕೊಳ್ಳಾಕ ಆಗತೈತಿ.”

ರೆಸಿಸ್ಟರ್ ಎಂದರೆ ಇಷ್ಟೇ. ಅದು ವಿದ್ಯುತ್ತನ್ನು ಕೂಡಿಡುವುದಿಲ್ಲ, ಬಚ್ಚಿಡುವುದಿಲ್ಲ. ತನ್ನ ಪಾಲಿಗೆ ಬಂದದ್ದನ್ನು ಆಗಿಂದಾಗಲೇ ಬಿಸಿ ಮಾಡಿ ಮುಗಿಸುತ್ತದೆ. ಪ್ರಾಮಾಣಿಕ ಪ್ರಾಣಿ. ಬಿಸಿಯಾಗುವುದು ಅದರ ರೋಗವಲ್ಲ, ಧರ್ಮ. ಈ ಸಾಲಿನ ಕೆಳಗೆ ಗೆರೆ ಎಳೆದುಕೊಳ್ಳಿ. ಇದನ್ನು ಮರೆತು ಒಮ್ಮೆ ನಾನು ಅದರ ಬಿಸಿಯನ್ನೇ ರೋಗವೆಂದು ತಿಳಿದೆ.

ಕೆಪಾಸಿಟರ್ ಬೇರೆ ಜಾತಿಯದು. ಫ್ಯಾನಿನ ತಲೆಯಲ್ಲಿ ಇದ್ದರೆ ಜನ ಅದನ್ನು ಕಂಡೆನ್ಸರ್ ಅನ್ನುತ್ತಾರೆ. ಬಳ್ಳಾರಿಯವರಿಗೆ ಅದನ್ನು ವಿವರಿಸುವುದು ಸುಲಭ. ನಳದ ನೀರು ಬಂದ ದಿನ ನಾವು ಡ್ರಮ್ಮು ತುಂಬಿಸಿಡುತ್ತೇವೆ. ನಳ ನಿಂತ ಮೇಲೂ ಡ್ರಮ್ಮಿನಲ್ಲಿ ನೀರು ಇರುತ್ತದೆ. ಕೆಪಾಸಿಟರ್ ಅಂಥ ಡ್ರಮ್ಮು. ಮೇನ್ ಸ್ವಿಚ್ ತೆಗೆದರೂ ಒಳಗಿನದು ಒಳಗೇ ಇರುತ್ತದೆ. ಅದಕ್ಕಾಗಿ ಅದರ ಎರಡು ತುದಿಗಳ ನಡುವೆ ಒಂದು ರೆಸಿಸ್ಟರ್ ಕೂಡಿಸುತ್ತಾರೆ. ಡ್ರಮ್ಮಿನ ತಳದಲ್ಲಿ ಬೇಕೆಂದೇ ಕೊರೆದ ಸಣ್ಣ ತೂತು. ಸ್ವಿಚ್ ತೆಗೆದ ಕೂಡಲೇ ಸೋರಲು ಶುರು. ತುಂಬಿದ್ದಾಗ ಒತ್ತಡ ಹೆಚ್ಚು, ಆಗ ಜೋರಾಗಿ ಸೋರುತ್ತದೆ. ಇಳಿದಂತೆಲ್ಲ ಮೆಲ್ಲಗೆ. ಡ್ರಮ್ಮು ದೊಡ್ಡದಾದರೂ ತೂತು ಸಣ್ಣದಾದರೂ ಹೆಚ್ಚು ಹೊತ್ತು ಹಿಡಿಯುತ್ತದೆ. ಲೆಕ್ಕದ ಪ್ರಕಾರ ಪೂರಾ ಖಾಲಿ ಎಂಬುದು ಎಂದೂ ಆಗುವುದೇ ಇಲ್ಲವಂತೆ. ಮುಟ್ಟಬಹುದಾದಷ್ಟು ಇಳಿಯುತ್ತದೆ, ಅಷ್ಟೇ. ವಯಸ್ಸಾದ ಮೇಲೆ ನನಗೆ ಈ ಲೆಕ್ಕ ಹೆಚ್ಚು ಅರ್ಥವಾಗಿದೆ.

ಡ್ರಮ್ಮಿನ ಪಾಠವನ್ನು ನನ್ನ ಮೈ ಕಲಿತದ್ದು ಮೋಕದ ಹತ್ತಿರ ಒಂದು ಹೊಲದಲ್ಲಿ. ಬೋರ್‌ವೆಲ್ ಪಂಪಿನ ಪೆಟ್ಟಿಗೆ. ಸ್ವಿಚ್ ತೆಗೆದೆ, ಕೈ ಹಾಕಿದೆ, ಮರುಕ್ಷಣ ಮೆಣಸಿನ ಗಿಡಗಳ ನಡುವೆ ಅಂಗಾತ ಮಲಗಿದ್ದೆ. ಈರಪ್ಪ ಬದುವಿನ ಮೇಲೆ ಕುಳಿತೇ ಕೇಳಿದ:

“ಉಸಿರು ಐತೇನಲೇ?”

“ಐತಣ್ಣಾ.”

“ಹಂಗಾರ ಎದ್ದು ಬಾ. ಗಿಡ ಎಷ್ಟು ಮುರದಾವು ನೋಡು, ಹೊಲದಾವ ಕೇಳ್ತಾನ.”

ಎದ್ದು ಹೋದೆ. ಆತ ಜೇಬಿನಿಂದ ಒಂದು ಬೀಡಿ ತೆಗೆದು ತೋರಿಸಿದ. “ನೋಡಲೇ, ಸ್ವಿಚ್ ತಗದೆಲ್ಲ, ಇದನ್ನ ಹಚ್ಚು. ದೂರ ಕುಂದ್ರು. ಸೇದು. ದಾರದ ತನಕ ಬಂತಾ? ಆರಿಸಿ ಎದ್ದೇಳು. ಆಮ್ಯಾಲ ಮುಟ್ಟು. ಅಲ್ಲಿತನ ಅದು ಬ್ಯಾರೇದವರ ಹೆಂಡ್ತಿ ಅಂತ ತಿಳ್ಕೋ.”

ಒಂದು ಬೀಡಿ ಹೊತ್ತು. ನಮ್ಮ ಅಂಗಡಿಯವರೆಲ್ಲರ ಗಡಿಯಾರ ಅದೇ ಆಯಿತು. ಸೇದದವರು ಕೂಡ “ಬೀಡಿ ಹೊತ್ತು ಆಯ್ತೇನಪ್ಪ” ಎಂದು ಕೇಳಿಯೇ ಕೈ ಹಾಕುತ್ತಿದ್ದರು. ಈರಪ್ಪ ಅಕ್ಕಿ ಗಿರಣಿಗಳಿಗೆ ಹೋದಾಗ ಹೊರಗೆ, ಗೇಟಿನ ಬಳಿ ನಿಂತು ಸೇದುತ್ತಿದ್ದ. ಹೊಟ್ಟಿನ ರಾಶಿಗೆ ಕಿಡಿ ತಾಗಬಾರದೆಂದು ಆರಿದ ತುಂಡನ್ನು ಖಾಲಿ ಬೆಂಕಿಪೊಟ್ಟಣಕ್ಕೆ ಹಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಈ ಬೆಂಕಿಪೊಟ್ಟಣ ಮುಂದೆ ಬರುತ್ತದೆ.

ಇನ್ನೊಂದು ಪದ್ಧತಿಯೂ ನಮ್ಮಲ್ಲಿ ಇತ್ತು. ಒಂದು ವಾರ ನಾನು ಹೋದ ಗಿರಣಿಗೆ ಮುಂದಿನ ವಾರ ಈರಪ್ಪ ಹೋಗುತ್ತಿದ್ದ. ಆದ್ದರಿಂದ ಒಬ್ಬ ಮಾಡಿದ್ದನ್ನು, ಮಾಡದೆ ಬಿಟ್ಟಿದ್ದನ್ನು ಪ್ಯಾನೆಲ್ ಬಾಗಿಲಿನ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದು. ಬಾಗಿಲು ತೆರೆದರೆ ಪತ್ರ. ಕೆಲಸದ ಮಾತಿನ ಜೊತೆಗೆ ಬೈಗುಳವೂ ಇರುತ್ತಿತ್ತು. ಕೊಳಗಲ್ಲಿನ ಶಾಲೆಯ ಧ್ವನಿವರ್ಧಕ ರಿಪೇರಿ ಮಾಡುವಾಗ ನಾನು ಒಂದು ಕೆಪಾಸಿಟರನ್ನು ತಿರುಗುಮುರುಗು ಹಾಕಿದ್ದೆ. ಕೆಲವು ಜಾತಿಯ ಕೆಪಾಸಿಟರುಗಳಿಗೆ ಹಿಂದು ಮುಂದು ಇರುತ್ತದೆ, ತಪ್ಪಿದರೆ ಸಿಟ್ಟಾಗುತ್ತವೆ. ಮುಖ್ಯ ಅತಿಥಿಗಳು “ಇಂದಿನ ಯುವಜನತೆ” ಎಂದು ಆರಂಭಿಸುವುದಕ್ಕೂ ಅದು ಢಂ ಎಂದು ಸಿಡಿಯುವುದಕ್ಕೂ ಸರಿಹೋಯಿತು. ಭಾಷಣ ಅಲ್ಲಿಗೆ ಮುಗಿಯಿತು. ಊರಿನವರು ನನ್ನನ್ನು ಮನಸಾರೆ ಹರಸಿದರು. ಮರುವಾರ ಸಿರುಗುಪ್ಪದ ಗಿರಣಿಯ ಪ್ಯಾನೆಲ್ ಬಾಗಿಲು ತೆರೆದರೆ ಈರಪ್ಪನ ದುಂಡು ಅಕ್ಷರ: “ಇಂದಿನ ಯುವಜನತೆ ಗಮನಕ್ಕೆ: ಎರಡನೇ ಕೆಪಾಸಿಟರ್ ಡಬ್ಬಿ ನಟ್ ಬಿಗಿ ಮಾಡುವುದು.”

ಹೀಗೆ ಹಲವು ವರ್ಷ ನಡೆಯಿತು. ಬಾಗಿಲಿನ ಮೇಲೆ ಬರೆದ ಒಂದು ಸಾಲನ್ನೂ ನಾವಿಬ್ಬರೂ ಓದದೆ ಬಿಟ್ಟವರಲ್ಲ. ಆ ನಂಬಿಕೆಯೇ ಮುಂದೆ ಕೊಂದದ್ದು.

ಸಿರುಗುಪ್ಪದ ಆ ಗಿರಣಿಯಲ್ಲಿ ದೊಡ್ಡ ಮೋಟಾರುಗಳು. ಅವಕ್ಕೆ ಜೊತೆಯಾಗಿ ನಾಲ್ಕು ಹಳೆಯ ಕೆಪಾಸಿಟರುಗಳು, ಒಂದೊಂದೂ ಸೀಮೆಎಣ್ಣೆ ಡಬ್ಬಿಯಷ್ಟು. ಅವುಗಳ ಚಾರ್ಜ್ ಇಳಿಸುವ ರೆಸಿಸ್ಟರುಗಳನ್ನು ಹೊರಗೆ, ಒಂದು ಪಟ್ಟಿಯ ಮೇಲೆ ಸಾಲಾಗಿ ಕೂಡಿಸಿದ್ದರು. ಡಬ್ಬಿಗಳ ಮೇಲೆ ನಾನೂರ ನಲವತ್ತು ವೋಲ್ಟ್ ಎಂದು ಬರೆದಿತ್ತು. ಆದರೆ ವಿದ್ಯುತ್ತಿನ ಅಲೆ ನೆತ್ತಿಯಲ್ಲಿದ್ದ ಗಳಿಗೆಗೆ ಸರಿಯಾಗಿ ಸ್ವಿಚ್ ತೆಗೆದರೆ ಒಳಗೆ ಉಳಿಯುವುದು ಆರುನೂರರ ಮೇಲೆ.

ಆಯುಧಪೂಜೆಗೆ ಮುಂಚಿನ ವಾರ ನನ್ನ ಸರದಿ. ಗಿರಣಿಯ ಉಸ್ತುವಾರಿ ಸುಬ್ಬಯ್ಯ ಗಡಿಯಾಚೆಯ ತೆಲುಗಿನವನು, ಯಾವಾಗಲೂ ಬೆಂಕಿಯ ಕನಸು ಕಾಣುವ ಮನುಷ್ಯ. ನನ್ನನ್ನು ಪ್ಯಾನೆಲ್ ಹತ್ತಿರ ಎಳೆದುಕೊಂಡು ಹೋದ.

“ಏಮಯ್ಯಾ ಪಂಪಾಪತಿ, ಇದು ನೋಡು. ಮೂರನೇದು ಕೆಂಪಗೆ ಕಾಯ್ತಾ ಐತಿ. ಹೊಟ್ಟಿನ ಧೂಳು ಬಿದ್ದು ಕಂದಿಹೋಗೈತಿ. ನಾಳೆ ಬೆಂಕಿ ಹತ್ತಿದ್ರೆ ಸಾಹುಕಾರ್ರು ನನ್ನ ಸುಡ್ತಾರೆ.”

ನೋಡಿದೆ. ಮೂರನೆಯ ಡಬ್ಬಿಯ ರೆಸಿಸ್ಟರುಗಳ ಮೇಲೆ ಬಿದ್ದ ಧೂಳು ನಿಜಕ್ಕೂ ಕಂದಿತ್ತು. ಮಾಡಬೇಕಾದದ್ದು ಎರಡರಲ್ಲಿ ಒಂದು: ಧೂಳು ಒರೆಸಿ ಅಲ್ಲಿಗೆ ತಗಡಿನ ಮರೆ ಕಟ್ಟುವುದು, ಇಲ್ಲವೇ ಆ ಡಬ್ಬಿಯನ್ನೇ ಲೈನಿನಿಂದ ಬಿಡಿಸಿಡುವುದು. ನಾನು ಎರಡೂ ಮಾಡಲಿಲ್ಲ. ಡಬ್ಬಿ ಓಡಲಿ, ಬಿಸಿ ಮಾತ್ರ ಬೇಡ ಎಂದು ರೆಸಿಸ್ಟರ್ ಪಟ್ಟಿಯ ತಂತಿಯನ್ನಷ್ಟೇ ಬಿಚ್ಚಿದೆ. ಬಳ್ಳಾರಿಯಿಂದ ದೊಡ್ಡ ಅಳತೆಯವನ್ನು ತಂದು ಮುಂದಿನ ಸರದಿಯಲ್ಲಿ ಹಾಕಿದರಾಯಿತು ಎಂದುಕೊಂಡೆ. ಡ್ರಮ್ಮು ತುಂಬಿಯೇ ಇತ್ತು, ತೂತಿಗೆ ಬೆಣೆ ಹೊಡೆದೆ.

ಗೊತ್ತಿಲ್ಲದೆ ಮಾಡಿದ್ದಲ್ಲ. ಬಾಗಿಲಿನ ಒಳಮೈ ಮೇಲೆ ದೊಡ್ಡದಾಗಿ ಬರೆದೆ: “೩ಕ್ಕೆ ರೆಸಿಸ್ಟರ್ ಇಲ್ಲ. ಬೀಡಿ ನಂಬಬೇಡ. ಶಾರ್ಟ್ ಮಾಡಿ ಮುಟ್ಟು.” ಶಾರ್ಟ್ ಎಂದರೆ ಎರಡು ತುದಿಗಳನ್ನು ಲೋಹದಿಂದ ಕೂಡಿಸಿ ಒಳಗಿನದನ್ನು ಖಾಲಿ ಮಾಡುವುದು. ಬರೆದು ಎರಡು ಹೆಜ್ಜೆ ಹಿಂದೆ ಸರಿದು ಓದಿಕೊಂಡೆ. ಚೆನ್ನಾಗಿ ಕಾಣುತ್ತಿತ್ತು. ಫೋನು ನನ್ನ ಜೇಬಿನಲ್ಲಿಯೇ ಇತ್ತು. ಈರಪ್ಪನಿಗೆ ಹೇಳಲು ಮರೆತೆ ಎಂದರೆ ಅದೂ ಒಂದು ಸುಳ್ಳು. ಹೇಳುವ ಅಗತ್ಯ ಕಾಣಲಿಲ್ಲ. ಬರೆದಿದ್ದೆನಲ್ಲ.

ಆಯುಧಪೂಜೆಯ ದಿನ ಗಿರಣಿಯನ್ನು ತೊಳೆದರು. ಯಂತ್ರಗಳನ್ನು, ತಕ್ಕಡಿಗಳನ್ನು, ಲಾರಿಯ ಚಕ್ರಗಳನ್ನು ಒರೆಸಿದರು. ಪ್ಯಾನೆಲ್‌ಗಳ ಬಾಗಿಲನ್ನು ಒಳಗೂ ಹೊರಗೂ ಒದ್ದೆ ಬಟ್ಟೆಯಿಂದ ಒರೆಸಿದರು. ಆ ಕೆಲಸವನ್ನು ಅಷ್ಟು ಭಕ್ತಿಯಿಂದ ಮಾಡಿದವರು ಯಾರೆಂದು ನಾನು ಕೇಳಲಿಲ್ಲ. ತಪ್ಪು ಅವರದಲ್ಲ. ಒರೆಸಿದ ಮೇಲೆ ಪ್ರತಿ ಬಾಗಿಲಿಗೂ ಮೂರು ಬೆರಳಿನಿಂದ ವಿಭೂತಿ ಎಳೆದರು. ನನ್ನ ಮೂರು ಮಾತುಗಳು ಇದ್ದಲ್ಲಿ ಮೂರು ಬಿಳಿ ಗೆರೆಗಳು ಬಂದವು.

ಹಬ್ಬ ಮುಗಿದು ಗಿರಣಿ ಶುರುವಾದ ಬೆಳಗ್ಗೆ ಪ್ಯಾನೆಲ್‌ನಲ್ಲಿ ಚಿಟಿಚಿಟಿ ಸದ್ದು ಬಂತು. ಸರದಿ ಈರಪ್ಪನದು. ಮುಂದಿನದನ್ನು ಸುಬ್ಬಯ್ಯ ನನಗೆ ಹೇಳಿದ್ದು ಅದೇ ದಿನ ಮಧ್ಯಾಹ್ನ, ಇಬ್ಬರೇ ಇದ್ದಾಗ.

ಈರಪ್ಪ ಬಂದ. ಮೇನ್ ತೆಗೆದ. ಗೇಟಿನ ಬಳಿ ಹೋಗಿ ಬೀಡಿ ಹಚ್ಚಿದ. ಸುಬ್ಬಯ್ಯ ಹೋಗಿ, “ಬೇಗ ಆಗಲಯ್ಯಾ, ಭತ್ತದ ಲಾರಿ ನಿಂತಾವು” ಎಂದ. ಈರಪ್ಪ ಬೀಡಿಯನ್ನು ಮೇಲೆತ್ತಿ ತೋರಿಸಿ, “ಇದು ಮುಗೀಲಿ ಸುಬ್ಬಯ್ಯ. ಲಾರಿಗೆ ಕಾಲಿಲ್ಲ, ಎಲ್ಲಿಗೂ ಹೋಗಂಗಿಲ್ಲ” ಎಂದನಂತೆ. ಮುಗಿಸಿದ. ತುಂಡನ್ನು ಪೊಟ್ಟಣಕ್ಕೆ ಹಾಕಿದ. ಬಾಗಿಲು ತೆರೆದ. ವಿಭೂತಿ ಕಂಡು ಕೈ ಮುಗಿದ. ಬೇರೆ ಏನೂ ಬರೆದಿರಲಿಲ್ಲ. ಟೆಸ್ಟರ್ ಹಚ್ಚಿ ನೋಡಿದ, ದೀಪ ಹೊತ್ತಲಿಲ್ಲ. ಲೈನಿನಿಂದ ಬೇರೆಯಾದ ಕೆಪಾಸಿಟರಿಗೆ ಒಂಟಿ ತುದಿಯ ಟೆಸ್ಟರ್ ಹಚ್ಚಿದರೆ ಹೊತ್ತುವುದಿಲ್ಲ. ಅದಕ್ಕೆ ಎರಡು ತುದಿ ಬೇಕು. ಮೂರನೇ ಡಬ್ಬಿಯ ಸಡಿಲವಾದ ನಟ್ಟಿಗೆ ಬಲಗೈಯಿಂದ ಪಾನಾ ಹಾಕಿ, ಎಡಗೈಯಿಂದ ಪಕ್ಕದ ತುದಿ ಹಿಡಿದ. ಎರಡು ತುದಿ ಆದವು.

ನನಗೆ ಫೋನು ಬಂದಾಗ ನಾನು ಅತ್ತೆಯ ಮನೆಯಲ್ಲಿ ಹಬ್ಬದ ಉಳಿದ ಹೋಳಿಗೆ ತಿನ್ನುತ್ತಿದ್ದೆ.

ಆಸ್ಪತ್ರೆಯಲ್ಲಿ ಈರಪ್ಪನ ಅಂಗಿಯನ್ನು ನನ್ನ ಕೈಗೆ ಕೊಟ್ಟರು. ಜೇಬಿನಲ್ಲಿ ಬೆಂಕಿಪೊಟ್ಟಣ. ಅದರೊಳಗೆ ಒಂದೇ ಒಂದು ತುಂಡು, ದಾರದ ತನಕ ಸುಟ್ಟದ್ದು. ಅಷ್ಟರವರೆಗೆ ನನಗೂ ಏನಾಗಿದೆಯೆಂದು ಸರಿಯಾಗಿ ಹೊಳೆದಿರಲಿಲ್ಲ. ತುಂಡು ನೋಡಿದ ಮೇಲೆ ಹೊಳೆಯಿತು.

ಅಲ್ಲಿಂದ ಗಿರಣಿಗೆ ಬಂದೆ. ಚನ್ನಬಸಪ್ಪನವರು ಬಂದು ಕುರ್ಚಿಯಲ್ಲಿ ಕುಳಿತಿದ್ದರು. ಸುಬ್ಬಯ್ಯ ನಿಂತಿದ್ದ. ನಾನು ತಂತಿ ಬಿಚ್ಚಿದ್ದನ್ನೂ ಬರೆದಿದ್ದನ್ನೂ ಹೇಳಿದೆ. ಧಣಿ, ಊಟಕ್ಕೆ ಏಳಿ ಎನ್ನುವ ದನಿಯಲ್ಲಿ ಹೇಳಿದರು:

“ತನಿಖೆ ಮಾಡೋರು ನಾಳೆ ಬರ್ತಾರ. ಆ ತಂತಿ ಹಾಕಿಬಿಡು.”

“ಧಣೀರ, ಅದು ಹೆಂಗ—”

“ಹೋದಾವ ಹೋದ. ಲೈಸೆನ್ಸ್ ಹೋದ್ರ ಹದಿನಾರು ಮನಿ ಒಲಿ ಆರತಾವ. ನೀನು ಜೇಲಿಗೆ ಹೋಗ್ತಿ. ಅದರಿಂದ ಅವ ಎದ್ದು ಬರ್ತಾನೇನು?”

ನಾನು ಸುಬ್ಬಯ್ಯನ ಮುಖ ನೋಡಿದೆ. ಆತ ನೆಲ ನೋಡುತ್ತಿದ್ದ.

ತಂತಿ ಹಾಕುವ ಮೊದಲು ಮೂರನೇ ಡಬ್ಬಿಯ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿದೆ. ಸಣ್ಣದಾಗಿ ಚಟ್ ಎಂದಿತು, ಅಷ್ಟೇ. ಉಳಿದದ್ದನ್ನು ಬೆಳಗ್ಗೆಯೇ ಒಬ್ಬ ಖಾಲಿ ಮಾಡಿದ್ದ. ಸ್ಕ್ರೂ ಬಿಗಿ ಮಾಡಲು ಅರ್ಧ ಬೀಡಿ ಹೊತ್ತೂ ಹಿಡಿಯಲಿಲ್ಲ. ನನ್ನ ಸೇವೆಯಲ್ಲಿ ನಾನು ಮಾಡಿದ ಅತ್ಯಂತ ಅಚ್ಚುಕಟ್ಟಾದ ಕೆಲಸ ಅದು. ಮರುದಿನ ಬಂದ ಅಧಿಕಾರಿ ಮೀಟರ್ ಹಿಡಿದು ನೋಡಿ, ‘ಸರಿಯಾಗಿದೆ’ ಎಂದು ಬರೆದುಕೊಂಡರು.

ಸುಬ್ಬಯ್ಯನನ್ನು ಕೇಳಿದರು. “ಆಫ್ ಮಾಡಿದ, ಕೈ ಹಾಕಿದ ಸಾರ್” ಎಂದ. ನನ್ನನ್ನು ಕೇಳಿದರು: ಸತ್ತವನು ಸಾಮಾನ್ಯವಾಗಿ ಚಾರ್ಜ್ ಇಳಿಯುವವರೆಗೆ ಕಾಯುತ್ತಿದ್ದನೇ?

ಧಣಿ ನನ್ನ ಹಿಂದೆಯೇ ನಿಂತಿದ್ದರು. ಆದರೆ ಅವರು ನನಗೆ ಈ ಶಬ್ದ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ.

“ಒಮ್ಮೊಮ್ಮೆ ಅವಸರ ಮಾಡ್ತಿದ್ದ ಸರ್” ಎಂದೆ.

ಅವರು ಬರೆದುಕೊಂಡರು. ಬಳ್ಳಾರಿಗೆ ಹಿಂತಿರುಗುವಾಗ ಕಾಲುವೆಯ ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿ ಬೆಂಕಿಪೊಟ್ಟಣವನ್ನು ನೀರಿಗೆ ಎಸೆದೆ. ಅದು ಮುಳುಗಲಿಲ್ಲ. ಕಣ್ಣಿಗೆ ಕಾಣುವಷ್ಟು ದೂರ ತೇಲಿಕೊಂಡು ಹೋಯಿತು.

ಕುರುಗೋಡಿನಲ್ಲಿ ಈರಪ್ಪನ ಹೆಂಡತಿ ಗೌರಮ್ಮ ವರದಿಯ ಮಾತು ಕೇಳಿ ಅಳಲಿಲ್ಲ. ಅಲ್ಲಿಯವರೆಗೆ ಅಳುತ್ತಿದ್ದವಳು ಸುಮ್ಮನಾಗಿ ನನ್ನ ಕಡೆ ತಿರುಗಿದಳು.

“ಪಂಪಾಪತಿ, ನೀವು ಹೇಳ್ರಿ. ಅವರು ಅವಸರದ ಮನಿಷ್ಯಾರ?”

“ಹಣೆಬರಹ ಅಕ್ಕಾ” ಎಂದೆ. ಗಿರಿಜಾ ಆಗ ಏಳನೇ ಕ್ಲಾಸು. ಬಾಗಿಲ ಹತ್ತಿರ ನಿಂತಿದ್ದಳು.

ಆಮೇಲಿನ ವರ್ಷಗಳಲ್ಲಿ ನಾನು ಆ ಮನೆಗೆ ಒಳ್ಳೆಯ ಮನುಷ್ಯನಾದೆ. ಹಬ್ಬಕ್ಕೆ ಹೋಗುವುದು, ಹುಡುಗಿಯ ಶಾಲೆಯ ಕಾಗದ ಪತ್ರ ಮಾಡಿಸುವುದು, ಅವಳು ಅಪ್ಪನ ಕೆಲಸವನ್ನೇ ಕಲಿಯುತ್ತೇನೆಂದಾಗ ಬೇಡ ಎನ್ನುವುದು, ಹಟ ಹಿಡಿದಾಗ ಸೇರಿಸಿ ಬರುವುದು. “ಕಾಕಾ ಇಲ್ಲದಿದ್ರ ನಾನಿಲ್ಲ” ಎಂದು ಅವಳು ನಾಲ್ಕು ಜನರ ಮುಂದೆ ಹೇಳಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಂಡರು.

ಪದ್ಧತಿಗಳು ಬದಲಾದವು. ಈಗಿನ ಕೆಪಾಸಿಟರುಗಳ ತಲೆಯಲ್ಲಿಯೇ ರೆಸಿಸ್ಟರ್ ಕೂಡಿಸಿ ಕಳಿಸುತ್ತಾರೆ. ಯಾವಾಗ ಎಷ್ಟು ಡಬ್ಬಿ ಬೇಕೆಂದು ರಿಲೇ ತಾನೇ ನೋಡಿಕೊಳ್ಳುತ್ತದೆ. ಎರಡು ತುದಿಗೂ ಹಚ್ಚಿ ನೋಡುವ ಮೀಟರ್ ಪ್ರತಿಯೊಬ್ಬರ ಚೀಲದಲ್ಲಿ ಇದೆ. ಚಾರ್ಜ್ ಇಳಿಸಲು ರೆಸಿಸ್ಟರ್ ಕೂಡಿಸಿದ ರಾಡ್ ಬಂದಿದೆ. ಹಿಂದೆ ನಾವು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡುತ್ತಿದ್ದೆವು. ಅದು ಸಿಡಿಲಿನಂತೆ ಹೊಡೆದು ಸ್ಕ್ರೂಡ್ರೈವರ್ ತುದಿಯನ್ನೇ ತಿಂದುಹಾಕುತ್ತಿತ್ತು. ಎಚ್ಚರಿಕೆಗೆ ಕೆಂಪು ಚೀಟಿ ಕಟ್ಟಿ ಬೀಗ ಹಾಕುತ್ತಾರೆ. ಸೀಮೆಸುಣ್ಣ ಹೋಯಿತು. ಇದೆಲ್ಲ ಒಳ್ಳೆಯದೇ. ಆದರೂ ಕಣ್ಣಿಗೆ ಕಾಣದ ತಂತಿಯೊಂದು ಬಿಚ್ಚಿದ್ದರೆ ಹೊಸ ಡಬ್ಬಿಯೂ ಹಳೆಯದರಂತೆಯೇ ವರ್ತಿಸುತ್ತದೆ.

ಕಳೆದ ತಿಂಗಳು ಗಿರಿಜಾ ನನ್ನನ್ನು ತನ್ನ ಕ್ಲಾಸಿಗೆ ಕರೆದಳು. ನಿವೃತ್ತರು ಬಂದು ನಾಲ್ಕು ಮಾತು ಹೇಳುವುದು ಅಲ್ಲಿನ ಸಂಪ್ರದಾಯವಂತೆ. ಅವಳು ಮೊದಲು ತನ್ನ ಪಾಠ ಮುಗಿಸುತ್ತಿದ್ದಳು. ಹಲಗೆಯ ಮೇಲೆ ಕೆಪಾಸಿಟರ್ ಬರೆದು, ಪಕ್ಕದಲ್ಲಿ ರೆಸಿಸ್ಟರ್ ಬರೆದು, ಕಾಯಬೇಕಾದ ಹೊತ್ತನ್ನು ಹೇಳಿದಳು. ಆಮೇಲೆ ದನಿ ಬದಲಿಸದೆ ಹೇಳಿದಳು:

“ನಮ್ಮಪ್ಪ ಈ ಕೆಲಸದಾಗ ಇಪ್ಪತ್ತು ವರ್ಷ ಇದ್ರು. ಒಂದಿನ ಅವಸರ ಮಾಡಿದ್ರು. ಅವತ್ತ ಹೋದ್ರು. ಪ್ರತಿ ವರ್ಷ ಹೇಳ್ತೀನಿ, ನಿಮಗೂ ಹೇಳ್ತೀನಿ. ಅವಸರ ಮಾಡಬ್ಯಾಡ್ರಿ.”

ಪ್ರತಿ ವರ್ಷ. ಎಷ್ಟು ತಂಡಗಳು ಹೋಗಿವೆಯೋ. ನಾನು ಅಧಿಕಾರಿಯ ಕಿವಿಗೆ ಹಾಕಿದ ಒಂದು ಶಬ್ದ ಪಾಠವಾಗಿ ಓಡುತ್ತಿತ್ತು.

ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ರಾರಾವಿಯ ಕಡೆಯವಳೆಂದು ಆಮೇಲೆ ತಿಳಿಯಿತು. “ಮೇಡಂ, ಹೇಳಿದಷ್ಟು ಹೊತ್ತು ಕಾದ್ರ ಖಾಲಿ ಆಗಿರ್ತೈತಲ್ರಿ. ಮತ್ತ ರಾಡ್ ಯಾಕ್ ಹಾಕ್ಬೇಕ್ರಿ?”

“ನಿಯಮ ಐತಿ, ಅದಕ್ಕ” ಎಂದಳು ಗಿರಿಜಾ. ಒಂದು ಕ್ಷಣ ತಡೆದು ನನ್ನ ಕಡೆ ತಿರುಗಿದಳು. “ಕಾಕಾ, ನೀವು ಹೇಳ್ರಿ. ನೀವು ನೋಡಿದೋರು.”

ಎದ್ದು ನಿಂತೆ. “ರೆಸಿಸ್ಟರ್ ಸುಟ್ಟಿರಬೌದು. ಇಲ್ಲಾ, ತಂತಿ ಬಿಚ್ಚಿರಬೌದು. ಹಂಗಾದ್ರ ಎಷ್ಟು ಕಾದ್ರೂ ಇಳಿಯಂಗಿಲ್ಲ” ಎಂದೆ.

“ಹಂಗ ಯಾವತ್ತರ ಆಗೈತೇನ್ರಿ ಸರ್?” ಎಂದಳು ಆ ಹುಡುಗಿ.

ಇಲ್ಲ ಎನ್ನಬಹುದಿತ್ತು. ನನಗೆ ಅಭ್ಯಾಸವೂ ಇತ್ತು. ಆದರೆ ಇಲ್ಲ ಎಂದರೆ ಆ ಹುಡುಗಿ ಕುಳಿತುಕೊಳ್ಳುತ್ತಾಳೆ. ಹೋಗಿ ಎಲ್ಲೋ ಒಂದು ಗಿರಣಿಯಲ್ಲಿ, ನಿಯಮದಂತೆ, ನಿಧಾನವಾಗಿ, ಹೇಳಿದಷ್ಟು ಹೊತ್ತು ಕಾದು ಮುಟ್ಟುತ್ತಾಳೆ. ಈರಪ್ಪನ ಹಾಗೆ.

“ಆಗೈತಿ” ಎಂದೆ. “ಸಿರುಗುಪ್ಪದಾಗ. ತಂತಿ ಬಿಚ್ಚಿದಾವ ನಾನ. ಈರಪ್ಪಣ್ಣ ಪೂರಾ ಕಾದಿದ್ದ.”

ಮಿಕ್ಕದ್ದನ್ನೂ ಹೇಳಿದೆ. ಸೀಮೆಸುಣ್ಣ, ವಿಭೂತಿ, ಬೀಡಿಯ ತುಂಡು, ಸಂಜೆಯೊಳಗೆ ಹಾಕಿದ ತಂತಿ, ಮರುದಿನ ಕೊಟ್ಟ ಶಬ್ದ. ಇಲ್ಲಿ ಬರೆದಷ್ಟು ಚೆನ್ನಾಗಿ ಹೇಳಲಿಲ್ಲ. ಗಿರಿಜಾ ಸೀಮೆಸುಣ್ಣ ಹಿಡಿದುಕೊಂಡೇ ನಿಂತಿದ್ದಳು. ಕ್ಲಾಸು ಬಿಟ್ಟು ಎಲ್ಲರೂ ಹೋದ ಮೇಲೆ ಕೇಳಿದಳು:

“ಬೀಡಿ ಎಷ್ಟು ಉಳಿದಿತ್ತು?”

“ದಾರದ ತನಕ ಸುಟ್ಟಿತ್ತು.”

“ಎಲ್ಲಿ ಐತಿ ಅದು?”

“ಕಾಲುವ್ಯಾಗ ಒಗದೆ.”

ಅವಳು ಕಿಟಕಿಯ ಕಡೆ ನೋಡಿದಳು. “ಅವ್ವ ಸಾಯೋತನ ಒಂದ ಮಾತು ಹೇಳಿಕೊಂತ ಇದ್ಲು. ನಿಮ್ಮಪ್ಪ ಅವಸರ ಮಾಡಿದಾವಲ್ಲ, ನಿಮ್ಮಪ್ಪ ಅವಸರ ಮಾಡಿದಾವಲ್ಲ. ನನಗ ಸಾಕಾಗಿ ಹೋಗಿತ್ತು. ರಿಪೋರ್ಟಿನಾಗ ಐತಿ ಬಿಡಬೇ, ನಿನಗೇನು ಗೊತ್ತಾಗತೈತಿ ಅಂತ ಬೈತಿದ್ದೆ. ಕಡೀ ದಿನಾನೂ ಬೈದೆ.”

ಸೀಮೆಸುಣ್ಣವನ್ನು ಹಲಗೆಯ ಬಳಿ ಇಟ್ಟು ಹೊರಗೆ ಹೋದಳು.

ಮಾರನೆಯ ವಾರ ವರದಿ ತಿದ್ದಿಸಬಹುದೇ ಎಂದು ನಾನು ಸಂಬಂಧಪಟ್ಟ ಕಚೇರಿಗೆ ಹೋಗಿದ್ದೆ. ಲಿಖಿತ ಹೇಳಿಕೆ ಬರೆದುಕೊಂಡು ಹೋಗಿದ್ದೆ. ಗುಮಾಸ್ತರು ಓದಿ, ನನ್ನನ್ನು ಕೂರಿಸಿ, ಒಳಗೆ ಹೋಗಿ ಬಂದರು. ಅಷ್ಟು ಹಳೆಯ ಕಡತಗಳನ್ನು ವಿಲೇವಾರಿ ಮಾಡಲಾಗಿದೆಯಂತೆ. ತಿದ್ದುವುದಕ್ಕೆ ಕಾಗದವೇ ಇಲ್ಲ. “ನಿಮಗ ಯಾರೂ ಏನೂ ಮಾಡಂಗಿಲ್ಲ ಬಿಡ್ರಿ ಯಜಮಾನ್ರ” ಎಂದು ಸಮಾಧಾನ ಹೇಳಿದರು. ಆದರೂ ಹೇಳಿಕೆಯನ್ನು ಅವರ ಮೇಜಿನ ಮೇಲೆ ಬಿಟ್ಟು ಬಂದೆ.

ಬಂದು ಗಿರಿಜಾಗೆ ಹೇಳಿದೆ. ಅವಳು ಮೇಜಿನ ಖಾನೆಯಿಂದ ಗೆರೆ ಎಳೆದ ಹಾಳೆಗಳ ಕಟ್ಟು ತೆಗೆದು ನನ್ನ ಮುಂದೆ ಇಟ್ಟಳು.

“ಹಂಗಾರ ಇದರಾಗ ಬರೀರಿ. ಹೊಸ ತಂಡ ಬಂದ ಮೊದಲನೇ ದಿನ ಓದಿಸ್ತೀನಿ. ತಂತಿ ಯಾರು ಬಿಚ್ಚಿದ್ರು, ಯಾರು ಹಾಕಿದ್ರು, ಯಾರು ಏನಂದ್ರು, ಎಲ್ಲಾ ಬರೀರಿ. ನಿಮ್ಮ ಹೆಸರು ಹಾಕ್ರಿ.” ಬಾಗಿಲವರೆಗೆ ಬಂದು ನಿಂತಳು. “ಅವಸರ ಏನಿಲ್ಲ, ಸರ್” ಎಂದಳು.

ಇಪ್ಪತ್ತು ವರ್ಷಗಳಿಂದ ಅವಳು ನನ್ನನ್ನು ಕಾಕಾ ಎಂದು ಕರೆಯುತ್ತಿದ್ದಳು.

ಬರೆದಿದ್ದೇನೆ. ನನ್ನ ಹೆಸರು ಪಂಪಾಪತಿ.